ಆಯಿಶಾ ಜೊತೆ ನಡೆದ ದಿನಗಳು

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜೂನ್. ಶಾಲೆ ಶುರುವಾದ ಎರಡನೇ ವಾರ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಾನು ಮಕ್ಕಳ ಎದುರೇ ತಲೆತಿರುಗಿ ಬಿದ್ದೆ. ಆಗ ನನಗೆ ಮೂವತ್ತಾರು ವರ್ಷ, ಕಡಬದ ಶಾಲೆಯಲ್ಲಿ ಐದನೇ ತರಗತಿಯ ಟೀಚರ್. ನನ್ನನ್ನು ಎತ್ತಿ ಜೀಪಿನಲ್ಲಿ ಮಲಗಿಸಲು ನಾಲ್ಕು ಜನ ಬೇಕಾಯಿತಂತೆ.

ಪುತ್ತೂರಿನ ಲೇಡಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಕಟ್ಟಿ ಪ್ರೆಶರ್ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ತೂಕ ನೋಡಿಸಿದರು. ಎಂಬತ್ತನಾಲ್ಕು ಕಿಲೋ.

"ಹರಿಣಾಕ್ಷಿ, ನಿಮ್ಮ ತಾಯಿ ಇದ್ದಾರಾ?"

"ಇಲ್ಲ, ತೀರಿಹೋದ್ರು. ಅವರಿಗೆ ನಲವತ್ತೆರಡಾಗಿತ್ತು. ಬಟ್ಟೆ ಒಗೆಯುವಾಗ ಒಮ್ಮೆಲೇ ಬಿದ್ದದ್ದು."

"ಅವರೂ ನಿಮ್ಮ ಹಾಗೇ ತೋರ ಇದ್ರಾ?"

ನಾನು ತಲೆಯಾಡಿಸಿದೆ. ಡಾಕ್ಟರು ಪೆನ್ನು ತೆಗೆದರು. ಉಪ್ಪು ಕಡಿಮೆ, ಅನ್ನ ಅರ್ಧ, ಎಣ್ಣೆಯಲ್ಲಿ ಕಾಯಿಸಿದ್ದು ಬೇಡವೇ ಬೇಡ, ದಿನಾ ಒಂದು ಗಂಟೆ ನಡೆಯಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಹೊರಗಿನ ಬೆಂಚಿನಲ್ಲಿ ಅಂಥದೇ ಚೀಟಿ ಹಿಡಿದುಕೊಂಡು ಇನ್ನೊಬ್ಬಳು ಕೂತಿದ್ದಳು. ಮುಖ ಪರಿಚಯ ಇತ್ತು. ಕಡಬ ಪೇಟೆಯ ಅಡಿಕೆ ವ್ಯಾಪಾರಿ ಉಸ್ಮಾನ್ ಬ್ಯಾರಿಯ ತಂಗಿ ಆಯಿಶಾ. ಗಂಡ ಸಾಹುಲ್ ಹಮೀದ್ ದುಬೈಯಲ್ಲಿ, ಮನೆಯಲ್ಲಿ ಅವಳು, ಮಗಳು ಝೈನಬ, ಅವಳು ಉಮ್ಮ ಎಂದು ಕರೆಯುವ ಅತ್ತೆ ನೆಬೀಸ. ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅದೇ ದಿನ ಗೊತ್ತಾಗಿತ್ತು. ನನಗಿಂತ ನಾಲ್ಕು ವರ್ಷ ಸಣ್ಣವಳು, ಎಂಟು ಕಿಲೋ ಹೆಚ್ಚು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಮೂರು ಜನರ ಸೀಟು ನಮ್ಮಿಬ್ಬರಿಗೇ ಸರಿಹೋಯಿತು.

"ಟೀಚರೇ, ನಮ್ಮ ಮನೆ ಹಿಂದಿನಿಂದ ರಬ್ಬರ್ ತೋಟಕ್ಕೆ ಹೋಗುವ ರಸ್ತೆ ಉಂಟು," ಎಂದಳು. "ಬೆಳಿಗ್ಗೆ ಜನ ಇರುದಿಲ್ಲ. ನೀವು ಬಂದ್ರೆ ನಾನೂ ಬರ್ತೇನೆ. ಒಬ್ಬಳೇ ಹೋದ್ರೆ ಉಮ್ಮ ಬಿಡುದಿಲ್ಲ. ಟೀಚರ್ ಜೊತೆ ಅಂದ್ರೆ ಬಿಡ್ತಾರೆ."

"ಮಳೆ ಬಿಡ್ಲಿ, ಶುರು ಮಾಡುವ."

"ಮಳೆ ಬಿಡುವಾಗ ನಾವಿಬ್ಬರೂ ಮೇಲೆ ಹೋಗಿ ಆಗಿರ್ತದೆ ಮಾರಾಯ್ತಿ. ನಾಳೆಯೇ ಬರ್ತೇನೆ."

ಮರುದಿನ ಆರು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ನಮಾಜು ಮುಗಿಸಿ, ತಲೆಗೆ ಶಾಲು ಹೊದ್ದು, ಕೊಡೆ ಹಿಡಿದು ಆಯಿಶಾ ಅಂಗಳದಲ್ಲಿ ನಿಂತಿದ್ದಳು. ನನಗೆ ಅಳು ಬರುವಷ್ಟು ಸೋಮಾರಿತನವಾಗಿತ್ತು. ಹೋದೆ. ರಬ್ಬರ್ ತೋಟದ ಮೊದಲ ಏರಿನಲ್ಲೇ ಇಬ್ಬರೂ ಏದುಸಿರು ಬಿಡುತ್ತಾ ಒಂದೇ ಮರಕ್ಕೆ ಒರಗಿ ನಿಂತೆವು. ಅವಳ ಕಾಲಿಗೆ ಹತ್ತಿದ ಇಂಬಳವನ್ನು ನಾನು ಕಿತ್ತೆ, ನನ್ನ ಕಾಲಿಗೆ ಹತ್ತಿದ್ದನ್ನು ಅವಳು ಕಿತ್ತಳು. ಹೆಚ್ಚೆಂದರೆ ಅರ್ಧ ಮೈಲಿ ನಡೆದಿರಬಹುದು.

ನಿಜ ಹೇಳಬೇಕೆಂದರೆ ಮೊದಲ ಆರು ತಿಂಗಳು ನನ್ನನ್ನು ನಡೆಸಿದ್ದು ಅವಳೇ. ಇವತ್ತು ಬೇಡ, ತಲೆನೋವು ಎಂದರೆ, "ನಡೆದ್ರೆ ಹೋಗ್ತದೆ" ಎನ್ನುತ್ತಾ ಜಗಲಿಯಲ್ಲಿ ಕೂತುಬಿಡುತ್ತಿದ್ದಳು. ನಾನು ಹೊರಡುವ ತನಕ ಏಳುತ್ತಿರಲಿಲ್ಲ. ಮಹಾಬಲ ನನ್ನ ಗಂಡ, ಸೊಸೈಟಿಯಲ್ಲಿ ಗುಮಾಸ್ತ. ಅವರು ಒಳಗಿನಿಂದ ನಗುತ್ತಾ, "ಹೋಗು ಹೋಗು, ನಿನ್ನ ಹೆಡ್‌ಮಾಸ್ಟ್ರು ಬಂದಿದ್ದಾರೆ" ಎನ್ನುತ್ತಿದ್ದರು.

ಊಟದ ಕಷ್ಟ ಬೇರೆಯೇ. ಬೆಳಿಗ್ಗೆ ಆರೇಳು ನೀರುದೋಸೆ ತಿನ್ನುತ್ತಿದ್ದವಳು ಎರಡಕ್ಕೆ ನಿಂತೆ. ಹತ್ತು ಗಂಟೆಗೆ ಹೊಟ್ಟೆ ಕೂಗುತ್ತಿತ್ತು, ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕ ಕಣ್ಣಿಗೆ ಮಂಜಾಗುತ್ತಿತ್ತು. ಆಯಿಶಾಳಿಗೆ ಅದಕ್ಕಿಂತ ಕಷ್ಟ. ಬಂದವರಿಗೆಲ್ಲ ಬಡಿಸಬೇಕಾದ ಮನೆ. ಬಡಿಸಿದವಳು ತಿನ್ನದಿದ್ದರೆ ಅತ್ತೆಗೆ ಸಿಟ್ಟು. ನೆಬೀಸಮ್ಮ ಒಮ್ಮೆ ನನ್ನನ್ನೇ ಕೇಳಿದರು, "ಎಂತ ಟೀಚರೇ, ಮಗ ದುಬೈಯಲ್ಲಿ ದುಡಿಯುದು ಸೊಸೆ ಗಂಜಿ ಕುಡಿಯಲಿಕ್ಕಾ?" ಸಕ್ಕರೆ ಕಾಯಿಲೆಯೆಂದರೆ ಏನೆಂದು ನಾನು ಕೂತು ವಿವರಿಸಿದೆ. ಅವರು ಪೂರ್ತಿ ಕೇಳಿ, ಕೊನೆಗೆ ಪತ್ತಿರಿ ಎಂಬ ಅಕ್ಕಿರೊಟ್ಟಿಯ ತಟ್ಟೆಯನ್ನು ನನ್ನ ಮುಂದೆ ದೂಡಿದರು. ಆಯಿಶಾ ಬಾಗಿಲ ಹಿಂದೆ ನಿಂತು ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

ರಂಜಾನಿನಲ್ಲೂ ಅವಳು ನಡಿಗೆ ತಪ್ಪಿಸಲಿಲ್ಲ. ಬಾಯಾರಿಕೆಯಾಗುತ್ತದೆಂದು ಅರ್ಧ ದಾರಿಗೆ ನಿಂತು, "ನೀವು ಹೋಗಿ ಬನ್ನಿ, ನಾನು ಇಲ್ಲಿ ಕೂತಿರ್ತೇನೆ" ಎನ್ನುತ್ತಿದ್ದಳು.

ತೂಕ ನೋಡುವುದು ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೆಂದು ಪುತ್ತೂರಿಗೆ ಹೋಗುವ ಹಾಗಿಲ್ಲ. ಆಯಿಶಾ ಒಂದು ಉಪಾಯ ಹುಡುಕಿದಳು. ಅವಳ ಅಣ್ಣನ ಗೋಡೌನಿನಲ್ಲಿ ಅಡಿಕೆ ಗೋಣಿ ತೂಗುವ, ಕೆಳಗೆ ಹಲಗೆಯಿದ್ದ ದೊಡ್ಡ ತೂಕದ ಯಂತ್ರವಿತ್ತು. ಶುಕ್ರವಾರ ಮಧ್ಯಾಹ್ನ ಗಂಡಸರೆಲ್ಲ ಮಸೀದಿಗೆ ಹೋದಾಗ ಅಂಗಡಿ ಮುಚ್ಚಿರುತ್ತಿತ್ತು. ಉಸ್ಮಾನ್ ಬ್ಯಾರಿ ತಂಗಿಯ ಮೇಲಿನ ಪ್ರೀತಿಗೆ ಹಿಂಬಾಗಿಲ ಬೀಗದ ಕೈ ಕೊಟ್ಟಿದ್ದರು. "ಯಾರಿಗೂ ಗೊತ್ತಾಗಬಾರದು" ಎಂಬುದೊಂದೇ ಅವರ ಮಾತು. ನಾನು ಶಾಲೆಯ ಊಟದ ಬಿಡುವಿನಲ್ಲಿ ಓಡಿಹೋಗುತ್ತಿದ್ದೆ. ಅಡಿಕೆಯ ಒಗರು ವಾಸನೆಯ ಆ ಕತ್ತಲೆಯಲ್ಲಿ ನಾವು ಒಬ್ಬರನ್ನೊಬ್ಬರು ತೂಗುತ್ತಿದ್ದೆವು. ಆಯಿಶಾ ಚಪ್ಪಲಿ ಬಿಟ್ಟು, ಬಳೆ ತೆಗೆದು, ಉಸಿರು ಬಿಗಿಹಿಡಿದು ಹಲಗೆ ಹತ್ತುತ್ತಿದ್ದಳು. ಉಸಿರು ಹಿಡಿದರೆ ಸ್ವಲ್ಪ ಹಗುರವಾಗುತ್ತದೆಂದು ಅವಳ ನಂಬಿಕೆ.

ಎಂಬತ್ತೊಂದರ ಮಾರ್ಚಿಗೆ ನಾನು ಅರವತ್ತಾರಕ್ಕೆ ಇಳಿದೆ. ಅವಳು ತೊಂಬತ್ತೆರಡರಿಂದ ಎಂಬತ್ತೈದಕ್ಕೆ ಬಂದು ಅಲ್ಲೇ ನಿಂತಳು. ನಾಲ್ಕು ತಿಂಗಳಿನಿಂದ ಮುಳ್ಳು ಅಲುಗಿರಲಿಲ್ಲ. ಆದರೂ ನನ್ನ ತೂಕ ಇಳಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು.

ಜನ ನನ್ನನ್ನು ಗಮನಿಸತೊಡಗಿದ್ದರು. ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಿದ್ದೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, "ಟೀಚರ್ ಎಷ್ಟು ಸಪೂರ ಆಗಿದ್ದಾರೆ!" ಎಂಬ ಮಾತು ಕೇಳಿಸುತ್ತಿತ್ತು. ಅದುವರೆಗೆ ನನ್ನ ಶರೀರದ ಬಗ್ಗೆ ಯಾರೂ ಒಳ್ಳೆಯ ಮಾತು ಹೇಳಿದವರಲ್ಲ. ಆ ಮಾತಿನ ರುಚಿ ನನಗೆ ಹತ್ತಿತು.

ಆ ತಿಂಗಳ ಕೊನೆಗೆ ನಮ್ಮ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆ. ಚಹಾ, ಎಣ್ಣೆಯಲ್ಲಿ ಕಾಯಿಸಿದ ಅಂಬಡೆ ಎಲ್ಲ ಇತ್ತು. ನಾನು ಅಂಬಡೆ ಮುಟ್ಟದ್ದನ್ನು ನೋಡಿ ಅಚ್ಚುತ ಮಾಸ್ಟ್ರು ಕೇಳಿದರು, "ಹರಿಣಾಕ್ಷಿ ಟೀಚರೇ, ಇದು ಹೇಗೆ ಮಾಡಿದ್ದು? ಗುಟ್ಟು ನಮಗೂ ಹೇಳಿ ಮಾರಾಯ್ರೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳತೊಡಗಿದೆ. ಮಳೆ, ಇಂಬಳ, ಎರಡೇ ದೋಸೆ ಎಲ್ಲ ಹೇಳಿದೆ. ನಕ್ಕರು. ನಗಿಸುವುದು ನನಗೆ ಬರುತ್ತದೆಂದು ಅಂದೇ ಗೊತ್ತಾದದ್ದು. ಇನ್ನಷ್ಟು ನಗಲಿ ಎಂದು ಗೋಡೌನಿನ ಕಥೆಯನ್ನೂ ತೆಗೆದೆ. ಎದ್ದು ನಿಂತು, ಸೆರಗನ್ನು ತಲೆಗೆ ಎಳೆದುಕೊಂಡು, ಕೆನ್ನೆ ಉಬ್ಬಿಸಿ ಉಸಿರು ಹಿಡಿದು, ಆಯಿಶಾ ಹಲಗೆ ಹತ್ತುವ ರೀತಿಯನ್ನು ಮಾಡಿ ತೋರಿಸಿದೆ. "ಉಸ್ಮಾನ್ ಬ್ಯಾರಿಯ ಯಂತ್ರಕ್ಕೆ ಇಂಥ ಮಾಲು ಬಂದದ್ದೇ ಇಲ್ಲ. ಒಂದೂವರೆ ಗೋಣಿ!" ಎಂದೆ. ಹೊಸ ಹೆಡ್‌ಮಾಸ್ಟರ್ ಆಗುವವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮನೆಗೆ ಹೋಗುವಾಗಲೂ ನನಗೆ ಖುಷಿಯೇ ಇತ್ತು.

ಅಚ್ಚುತ ಮಾಸ್ಟ್ರಿಗೆ ಸಂಜೆ ಹೋಟೆಲಿನಲ್ಲಿ ಕೂರುವ ಅಭ್ಯಾಸ. ಎರಡೇ ದಿನದಲ್ಲಿ ಮಾತು ಪೇಟೆ ಮುಟ್ಟಿತು. ಮುಂದಿನ ವಾರ ಆಯಿಶಾ ಅಣ್ಣನ ಅಂಗಡಿಗೆ ಹೋದಾಗ ಗೋಣಿ ಹೊರುವವನೊಬ್ಬ ಇನ್ನೊಬ್ಬನಿಗೆ, "ಒಂದೂವರೆ ಗೋಣಿ ಬಂತು, ದಾರಿ ಬಿಡು" ಎಂದನಂತೆ. ಅಲ್ಲಿದ್ದವರು ನಕ್ಕರಂತೆ. ಉಸ್ಮಾನ್ ಬ್ಯಾರಿ ಅವನನ್ನು ಅಂದೇ ಕೆಲಸದಿಂದ ಬಿಡಿಸಿದರು. ಬೀಗದ ಕೈ ವಾಪಸ್ ತೆಗೆದುಕೊಂಡರು. ಗಂಡ ಊರಲ್ಲಿಲ್ಲದ ಹೆಂಗಸಿನ ಹೆಸರು ಪೇಟೆಯಲ್ಲಿ ಬರುವ ಹಾಗಾಯಿತೆಂದು ನೆಬೀಸಮ್ಮ ಎರಡು ದಿನ ಊಟ ಮಾಡಲಿಲ್ಲವಂತೆ. ಇದನ್ನೆಲ್ಲ ನನಗೆ ಹೇಳಿದ್ದು ಮಹಾಬಲ. ಹೇಳಿ ಮುಗಿಸಿ ಅವರು ನನ್ನ ಮುಖವನ್ನೇ ನೋಡಿದರು. "ನೀನು ಹೇಳಿದ್ದಾ?" ಎಂದು ಕೇಳಲಿಲ್ಲ.

ಆಯಿಶಾ ಬರುವುದು ನಿಂತಿತು. ಮೊದಲ ದಿನ ಏಳು ಗಂಟೆಯವರೆಗೆ ಜಗಲಿಯಲ್ಲಿ ಕಾದೆ. ನಾಲ್ಕನೇ ದಿನ ಸಂಜೆ ಅವಳ ಮನೆಗೆ ಹೋದೆ. ಹೇಳಿಬಿಡಬೇಕು, ತಪ್ಪಾಯಿತು ಎನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಅವಳು ಚಾಪೆ ಹಾಸಿದಳು. ಎರಡು ಗ್ಲಾಸು ಚಹಾ ತಂದಳು. ನನ್ನದಕ್ಕೆ ಸಕ್ಕರೆ ಹಾಕಿರಲಿಲ್ಲ. ಅವಳ ಗ್ಲಾಸಿಗೆ ನನ್ನೆದುರೇ ಎರಡು ಚಮಚ ಹಾಕಿ ತಿರುಗಿಸಿದಳು.

"ಆಯಿಶಾ, ಎಂತ ಮಾಡುದು ನೀನು?"

"ಎಂತ ಇಲ್ಲ ಟೀಚರೇ. ಮೊಣಗಂಟು ನೋವು. ನೀವು ಹೋಗಿ, ನಿಲ್ಲಿಸಬೇಡಿ. ನಿಮಗೆ ಚೆಂದಕ್ಕೆ ಇಳಿದಿದೆ."

"ನೋವು ಕಡಿಮೆಯಾದ ಮೇಲೆ ಬರ್ತೀಯಲ್ಲ?"

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ನಾನು ಇನ್ನೇನೋ ಹೇಳುತ್ತೇನೆಂದು ಕಾಯುವವಳ ಹಾಗೆ ನೋಡಿದಳು. ಒಳಗೆ ನೆಬೀಸಮ್ಮ ಪಾತ್ರೆ ಸರಿಸುವ ಸದ್ದು ಕೇಳುತ್ತಿತ್ತು. ಅವರು ಹೊರಗೆ ಬಂದು ನನ್ನನ್ನು ಮಾತಾಡಿಸಲಿಲ್ಲ. ಅವಳಿಗೆ ಗೊತ್ತಿಲ್ಲದೆಯೂ ಇರಬಹುದು, ನಾನಾಗಿ ಯಾಕೆ ಎತ್ತಬೇಕು ಎಂದು ನನ್ನೊಳಗೆ ಯಾರೋ ಹೇಳಿದರು. ಚಹಾ ಕುಡಿದೆ. ಮಗಳ ಓದಿನ ಬಗ್ಗೆ ಕೇಳಿದೆ. ಎದ್ದು ಬಂದೆ.

ಬೆಳಿಗ್ಗೆ ನಾನೊಬ್ಬಳೇ ನಡೆಯುತ್ತಿದ್ದೆ. ಅವಳ ಹಾಗೆ ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಎಂಬತ್ತಮೂರರಲ್ಲಿ ನನಗೆ ಬೆಳ್ಳಾರೆಗೆ ವರ್ಗವಾಯಿತು; ಮಹಾಬಲರೂ ಅಲ್ಲಿನ ಸೊಸೈಟಿಗೆ ಬಂದರು. ಬೆಳ್ಳಾರೆಯಲ್ಲೂ ನಡಿಗೆ ಬಿಡಲಿಲ್ಲ. ನಲವತ್ತೆರಡನೇ ವಯಸ್ಸು ಬಂದು, ದಾಟಿಯೂ ಹೋಯಿತು. ಪ್ರೆಶರ್ ಹತೋಟಿಗೆ ಬಂತು. ಕಡಬಕ್ಕೆ ಹೋಗುವ ಬಸ್ಸುಗಳಿದ್ದವು. ಹೋಗಲಿಲ್ಲ. ಒಂದು ಪತ್ರ ಬರೆಯಬಹುದಿತ್ತು. ಅವಳಿಗೆ ಕನ್ನಡ ಓದಲು ಬರುತ್ತಿತ್ತು. ಬರೆಯಲಿಲ್ಲ.

ಎಂಬತ್ತೇಳರ ಜನವರಿಯಲ್ಲಿ ಮಹಾಬಲರ ಹೊಟ್ಟೆನೋವಿಗೆಂದು ಪುತ್ತೂರಿನ ಒಂದು ಆಸ್ಪತ್ರೆಗೆ ಹೋದೆವು. ಅವರನ್ನು ಒಳಗೆ ಕರೆದರು. ನಾನು ಹೊರಗೆ ಕೂತಿದ್ದೆ. ಎದುರು ಬೆಂಚಿನಲ್ಲಿ ಬಲಗಾಲಿಗೆ ಪಾದದ ತುಂಬ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಕೈಗಳು ಕಡ್ಡಿಯ ಹಾಗಾಗಿದ್ದವು, ಕೆನ್ನೆಯ ಎಲುಬು ಎದ್ದಿತ್ತು. ಜೊತೆಗಿದ್ದ ಹುಡುಗಿ ಝೈನಬ ಎಂದು ಗುರುತು ಸಿಕ್ಕಿದ ಮೇಲೆಯೇ ಅದು ಆಯಿಶಾ ಎಂದು ತಿಳಿದದ್ದು.

ಅವಳು ನನ್ನನ್ನು ಮೊದಲೇ ನೋಡಿದ್ದಳು. "ನೋಡಿ ಟೀಚರೇ," ಎಂದಳು, "ನಾನೂ ಸಪೂರ ಆದೆ."

ಸಕ್ಕರೆ ಏರಿ ತಾನಾಗಿ ಇಳಿದ ಮೈ ಅದು. ಚಪ್ಪಲಿ ಕಚ್ಚಿದ ಗಾಯ ಮಾಯದೆ ಎರಡು ಬೆರಳು ತೆಗೆದಿದ್ದರು. ಈಗ ಪಾದವೂ ಕಪ್ಪಾಗುತ್ತಿತ್ತು. ಝೈನಬ ಮದ್ದಿನ ಚೀಟಿ ಹಿಡಿದು ಎದ್ದುಹೋದಳು. ನಾನು ಆಯಿಶಾಳ ಪಕ್ಕಕ್ಕೆ ಹೋಗಿ ಕೂತೆ.

"ಆಯಿಶಾ, ಆ ಮಾತು ಶಾಲೆಯಲ್ಲಿ ಹೇಳಿದ್ದು ನಾನು."

"ಗೊತ್ತುಂಟು. ನಾನು ಉಸಿರು ಹಿಡಿಯುದು ನಿಮ್ಮನ್ನು ಬಿಟ್ಟು ಯಾರು ಕಂಡಿದ್ರು?"

"ನನ್ನಿಂದ ತಪ್ಪಾಯ್ತು. ಅವತ್ತು ನಿನ್ನ ಮನೆಗೆ ಅದನ್ನೇ ಹೇಳ್ಲಿಕ್ಕೆ ಬಂದಿದ್ದೆ."

"ನಾನೂ ಕಾದೆ," ಎಂದಳು. ಕಾಲಿನ ಬಟ್ಟೆಯ ಅಂಚನ್ನು ಸರಿಮಾಡಿದಳು. "ನೀವು ಹೇಳಿದ್ರೆ ಉಮ್ಮನನ್ನು ಹೇಗಾದ್ರೂ ಒಪ್ಪಿಸಿ ಪುನಃ ನಡೆಯಲಿಕ್ಕೆ ಬರ್ತಿದ್ದೆ. ಹೇಳ್ಲಿಲ್ಲ ನೀವು. ಹಾಗಾದ್ರೆ ಟೀಚರಿಗೂ ನಾನು ನಗಾಡ್ಲಿಕ್ಕೇ ಇದ್ದದ್ದು ಅಂತ ಗ್ರಹಿಸಿದೆ."

ನಾನು ಅವಳ ಕೈ ಹಿಡಿದುಕೊಂಡೆ.

"ಎಲ್ಲ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಬಾಯಿಗೆ ಹಾಕಿದ ಕೈ ನಂದೇ ಅಲ್ವಾ? ನಡೆಯುವವರಿಗೂ ಹೀಗೆ ಆಗ್ತದೆ ಅಂತಾರೆ ಡಾಕ್ಟ್ರು," ಎಂದಳು. ಡಾಕ್ಟರು ಹಾಗೆ ಹೇಳಿದ್ದು ಸುಳ್ಳಿರಲಿಕ್ಕಿಲ್ಲ. ಆದರೆ ಆ ಸಮಾಧಾನವನ್ನು ಅವಳೇ ನನಗೆ ಕೊಡಬೇಕಾಗಿ ಬಂದದ್ದು ನನ್ನಿಂದ ಸಹಿಸಲಾಗಲಿಲ್ಲ.

ಮಾರ್ಚಿನಲ್ಲಿ ಮಂಗಳೂರಿನಲ್ಲಿ ಅವಳ ಕಾಲನ್ನು ಮೊಣಗಂಟಿನ ಕೆಳಗೆ ತೆಗೆದರು. ನಾನು ಮೇ ತಿಂಗಳ ರಜೆಯಲ್ಲಿ ಕಡಬಕ್ಕೆ ಹೋದೆ. ನೆಬೀಸಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ದುಬೈ ಬಿಟ್ಟು ಬಂದಿದ್ದ ಸಾಹುಲ್ ಹಮೀದರು ನನ್ನನ್ನು ಒಳಗೆ ಕರೆದರು. ಮಂಚದ ಮೇಲೆ ದಿಂಬಿಗೆ ಒರಗಿದ್ದ ಆಯಿಶಾ ನನ್ನನ್ನು ನೋಡಿ ಕುರ್ಚಿ ತೋರಿಸಿದಳು.

"ನೀವೇ ಅಲ್ವಾ ಹರಿಣಾಕ್ಷಿ ಟೀಚರ್?" ಎಂದರು ಅವರು. "ಇವಳ ಪತ್ರದಲ್ಲೆಲ್ಲ ನಿಮ್ಮದೇ ಸುದ್ದಿ. ಇಷ್ಟು ದೂರ ನಡೆದೆವು, ಟೀಚರಿಗೆ ಇಷ್ಟು ಇಳಿಯಿತು ಅಂತ. ಅಲ್ಲಿ ನಾವು ಆರು ಜನ ಒಂದೇ ರೂಮು. ನಾನು ಓದಿ ಹೇಳುವಾಗ ಎಲ್ಲರೂ ಕೇಳುದು. ನೀವು ಅಷ್ಟಾದರೂ ನಡೆಸಿದ್ರಲ್ಲ ಇವಳನ್ನು. ನಿಮ್ಮ ಉಪಕಾರ ನಾನು ಮರೆಯುದಿಲ್ಲ."

ಅವರಿಗೆ ಏನೂ ಗೊತ್ತಿರಲಿಲ್ಲ. ಆರು ವರ್ಷ ಅವಳು ಗಂಡನಿಗೆ ಹೇಳಿರಲಿಲ್ಲ. ಅವಳ ಅಣ್ಣನೂ ಹೇಳಿರಲಿಲ್ಲ.

"ಹಾಗಲ್ಲ," ಎಂದೆ. "ನಿಮಗೆ ಒಂದು ವಿಷಯ..."

"ಟೀಚರಿಗೆ ಬಸ್ಸಿಗೆ ಹೊತ್ತಾಯ್ತು," ಎಂದಳು ಆಯಿಶಾ. "ನೀವು ಸ್ಟಾಪಿನವರೆಗೆ ಬಿಟ್ಟು ಬನ್ನಿ."

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಎದ್ದು ನಿಂತೆ. ಸಾಹುಲ್ ಹಮೀದರು ಕೊಡೆ ತೆಗೆದುಕೊಂಡು ಜೊತೆಗೆ ಹೊರಟರು. ಬಿಸಿಲು ಜೋರಾಗಿತ್ತು. ದಾರಿಯುದ್ದಕ್ಕೂ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, ದುಬೈಯ ಕಥೆ ಹೇಳುತ್ತಾ ಬಂದರು.