ಓಡಿಸಿದ ಪಾಲು

ನನ್ನ ತಮ್ಮ ಅಂಜನ್ ಆ ಕಾರಲ್ಲಿ ಡೇರಿಗೆ ಹಾಲು ಹಾಕೋಕೆ ಹೋಗ್ತಿದ್ದ. ಇದನ್ನ ಹೇಳಿದರೆ ನಮ್ಮ ಅರಿಶಿನಕುಂಟೆಯಲ್ಲಿ ಯಾರೂ ನಂಬೋದಿಲ್ಲ. ಮೂರೂವರೆ ಕೋಟಿಯ ಫಾರಿನ್ ಕಾರು, ನಿಂಬೆಹಣ್ಣಿನ ಬಣ್ಣ, ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಓಡುವಂಥದ್ದು. ಇರೋದೇ ಎರಡು ಸೀಟು. ಒಂದರಲ್ಲಿ ಅವನು, ಇನ್ನೊಂದರಲ್ಲಿ ಬೆಲ್ಟು ಹಾಕಿಸಿಕೊಂಡ ಹಾಲಿನ ಕ್ಯಾನು. ನಲ್ಲೂರಿನ ಪಕ್ಕದ ನಮ್ಮ ತವರೂರಲ್ಲಿ ಮಕ್ಕಳು ಅದರ ಸದ್ದಿಗೇ ಎದ್ದು ಹಲ್ಲುಜ್ಜುತ್ತಿದ್ದವಂತೆ. ಕೇಳಿದವರು ನಗ್ತಾರೆ. ನಗಲಿ. ನನಗೆ ಮಾತ್ರ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಆ ಕಾರಲ್ಲಿ ಅರ್ಧ ನನ್ನದು.

ಹೇಗೆ ಅಂತ ಹೇಳ್ತೀನಿ. ಐದು ವರ್ಷದ ಹಿಂದೆ ನಮ್ಮಪ್ಪ ಆದಿನಾರಾಯಣಪ್ಪನ ಹೊಲ ಲೇಔಟಿನವರಿಗೆ ಹೋಯಿತು. ನನ್ನನ್ನ ದೇವನಹಳ್ಳಿಯ ರಿಜಿಸ್ಟ್ರಾರ್ ಆಫೀಸಿಗೆ ಕರೆಸಿದರು. ನಮ್ಮ ಕಡೆ ಪದ್ಧತಿ ಗೊತ್ತಲ್ಲ, ಹೆಣ್ಣುಮಕ್ಕಳು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಇಸ್ಕೊಂಡು ಹೋಗಬೇಕು. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ನಾನು ಪೆನ್ನು ಹಿಡಿದೆ, ಸಹಿ ಹಾಕಲಿಲ್ಲ. ಆಗ ಅಂಜನ್ ಪಕ್ಕಕ್ಕೆ ಬಂದು ಕೂತ.

"ಅಕ್ಕಾ, ದುಡ್ಡು ದುಡ್ಡಾಗೇ ಇದ್ರೆ ಕರಗೋಗುತ್ತೆ. ಒಂದು ಕಾರು ನೋಡಿದೀನಿ. ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು ಬಂದಿರೋದು. ಹೊಲ ಇದ್ದಂಗೆ ಕಣಕ್ಕಾ, ವರ್ಷ ಹೋದಂಗೂ ರೇಟು ಏರುತ್ತೆ. ಅರ್ಧ ನಿಂದು, ಅರ್ಧ ನಂದು. ನೀನು ಕೇಳಿದ ದಿನ ಮಾರಿ ಕೊಡ್ತೀನಿ."

ಅಪ್ಪ ಅಲ್ಲೇ ಇದ್ದ. ಹೌದು ಅನ್ನೋ ಹಾಗೆ ತಲೆ ಆಡಿಸಿದ. ಕಾರೂ ಅಪ್ಪನ ಹೆಸರಿಗೇ ಅಂದರು. ಸಹಿ ಹಾಕಿದೆ.

ಕೇಳೋ ದಿನ ಈಗ ಬಂತು. ಹೆದ್ದಾರಿ ಪಕ್ಕ ಬಾಡಿಗೆ ಅಂಗಡಿಯೊಂದರಲ್ಲಿ ನಾನು ಬ್ಲೌಸ್ ಹೊಲಿಸ್ತೀನಿ. ನನ್ನ ಜೊತೆ ನಾಲ್ಕು ಜನ ಹೆಂಗಸರಿದ್ದಾರೆ. ನನ್ನ ಗಂಡ ಬೀರೇಶ್ ಸೋಂಪುರದ ಕಾರ್ಖಾನೆಯಲ್ಲಿದ್ದಾರೆ, ಅವರ ಸಂಬಳ ಮನೆಗೆ ಸರಿಹೋಗುತ್ತೆ. ಅಂಗಡಿಯ ಮಾಲೀಕರು ಬಂದು, "ಮಾರ್ತಿದೀನಮ್ಮ, ನೀನೇ ತಗೋತೀಯ ಅಂದ್ರೆ ನಿಂಗೇ. ಈ ತಿಂಗಳು ಕಾಯ್ತೀನಿ. ಆಮೇಲೆ ಬೇಕರಿಯವರು ಕೇಳಿದಾರೆ," ಅಂದರು. ಬೇಕರಿಯವರಿಗೆ ಹೋದರೆ ನನ್ನ ಮಿಷನ್ನುಗಳು ರಸ್ತೆಗೆ. ಅಂಜನ್‌ಗೆ ಫೋನ್ ಮಾಡಿದೆ. "ನೋಡೋಣ ಅಕ್ಕಾ" ಅಂದ. ಇನ್ನೊಮ್ಮೆ ಮಾಡಿದೆ. "ನೋಡೋಣ ಅಂದ್ನಲ್ಲಕ್ಕಾ" ಅಂದ. ನಾನು ಕಾಯಲಿಲ್ಲ. ಇಂಥ ಕಾರುಗಳನ್ನ ಸೆಕೆಂಡ್ ಹ್ಯಾಂಡ್ ಕೊಳ್ಳೋ ಬೆಂಗಳೂರಿನ ಕಂಪನಿಯವರಿಗೆ ನಾನೇ ಫೋನ್ ಮಾಡಿ, ಭಾನುವಾರ ನಮ್ಮ ತವರುಮನೆಗೆ ಬನ್ನಿ ಅಂದೆ. ನಾನೂ ಅವತ್ತು ಬೆಳಗ್ಗೇನೇ ಹೋದೆ.

ಬಂದವಳು ಧನುಶ್ರೀ ಅಂತ, ಒಳ್ಳೆ ಚುರುಕು ಹುಡುಗಿ. ಕಾರನ್ನ ಕೊಟ್ಟಿಗೆ ಪಕ್ಕದ ತಗಡಿನ ಶೀಟಿನ ಕೆಳಗೆ ನಿಲ್ಲಿಸಿದ್ದರು. ಅವಳು ಬಣ್ಣದ ದಪ್ಪ ಅಳೆಯೋ ಅಂಗೈಯಗಲದ ಒಂದು ಮೆಷೀನನ್ನ ಬಾನೆಟ್ಟಿನ ಮೇಲೆ ಅಲ್ಲಲ್ಲಿ ಒತ್ತಿ ನೋಡಿದಳು.

"ಇಲ್ಲಿ ಮತ್ತೆ ಬಣ್ಣ ಹೊಡೆಸಿದೀರಲ್ವಾ ಸರ್?"

"ಒಂಚೂರು ಟಚಪ್ಪು" ಅಂದ ಅಂಜನ್.

ಪಕ್ಕದ ಮನೆಯ ಪಿಳ್ಳಪ್ಪಣ್ಣ ಬೀಡಿ ಹಿಡಿದು ಅಲ್ಲೇ ನಿಂತಿದ್ದ. ಯಾರೂ ಕೇಳದಿದ್ದರೂ ಹೇಳೋ ಮನುಷ್ಯ. "ಆಯುಧಪೂಜೇಲಿ ಅರಿಶಿನ ಕುಂಕುಮ ಬಳಿದಿದ್ವಲ್ಲ ತಾಯಿ, ಹೋಗ್ಲೇ ಇಲ್ಲ. ಮುನಿರತ್ನಮ್ಮ ತೆಂಗಿನ ನಾರು ತಗೊಂಡು ಉಜ್ಜಿದ್ರು. ಆಮೇಲೆ ಟ್ರ್ಯಾಕ್ಟರಿಗೆ ಬಣ್ಣ ಹೊಡಿಯೋನ ಹತ್ರ ಹೊಡೆಸಿದ್ದು."

"ತಿಕ್ಕದೆ ಹೋಗುತ್ತಾ ಕರೆ?" ಅಂತ ನಮ್ಮಮ್ಮ ಮುನಿರತ್ನಮ್ಮ ಅಡುಗೆಮನೆಯಿಂದಲೇ ಅಂದಳು.

ಧನುಶ್ರೀ ನೆಲದ ಮೇಲೆ ಚಾಪೆ ಹಾಕಿ ಮಲಗಿ, ಟಾರ್ಚು ಬಿಟ್ಟು ಕಾರಿನ ಕೆಳಗೆ ನೋಡಿದಳು. "ಕೆಳಗೆಲ್ಲಾ ಕಿತ್ತುಹೋಗಿದೆ ಸರ್."

"ರೋಡ್ ಹಂಪು ತಾಯಿ, ಹಂಪು," ಅಂದ ಪಿಳ್ಳಪ್ಪಣ್ಣ. "ಹಂಪು ಬಂದ ಕಡೆ ಎರಡು ಹಲಗೆ ಇಟ್ಟು ದಾಟಿಸ್ತಿದ್ವಿ. ಹಲಗೆ ಹಿಂದೆ ಆಟೋದಲ್ಲಿ ಬರೋದು. ಇವನು ಆಕ್ಸಿಲೇಟ್ರು ಒತ್ತಿದ್ರೆ ಆಟೋ ಎಲ್ಲಿ ಸಿಗುತ್ತೆ? ಹಲಗೆ ಬರೋ ಹೊತ್ತಿಗೆ ಹಂಪು ಮುಗಿದಿರೋದು."

"ಮದುವೆಗಳಿಗೂ ಹೋಗ್ತಿತ್ತಾ?" ಅಂತ ಧನುಶ್ರೀ ಸೀಟಿನ ಸಂದಿಯಿಂದ ಒಣಗಿದ ಹೂವು ತೆಗೆದು ಕೇಳಿದಳು.

"ಊರಿನ ಯಾವ ಗಂಡು ಇದು ಬಿಟ್ಟು ಬೇರೆದ್ರಲ್ಲಿ ಮೆರವಣಿಗೆ ಹೋಗಿದಾನೆ ಹೇಳಿ. ತಮಟೆಯವರ ಹಿಂದೆ, ಆಮೆ ಹೋದಂಗೆ. ಒಂದ್ಸಲ ಒಳಗಿಂದ ಹೊಗೆ ಬಂತು, ಮದುಮಗ ಇಳಿದು ಓಡ್ಬಿಟ್ಟ."

"ಪಿಳ್ಳಪ್ಪಣ್ಣ, ನಿಮ್ಮನೇಲಿ ಕರೀತಿದಾರೆ ನೋಡು," ಅಂದ ಅಂಜನ್.

"ನಮ್ಮನೇಲಿ ಯಾರೂ ಇಲ್ಲ ಕಣಪ್ಪ."

ಅವಳು ಮೀಟರು ನೋಡಿದಳು. ನಲವತ್ತು ಸಾವಿರ ಕಿಲೋಮೀಟರು ದಾಟಿತ್ತು. ಎದ್ದು ಕೈ ಒರೆಸಿಕೊಂಡು, ಮುಚ್ಚುಮರೆ ಇಲ್ಲದೆ ಒಂದೂಕಾಲು ಕೋಟಿ ಅಂದಳು.

ಅಂಜನ್ ಮುಖ ನೋಡಬೇಕಿತ್ತು. "ಮೂರೂವರೆ ಕೊಟ್ಟು ತಂದಿದ್ದು ಮೇಡಂ."

"ಅದು ತಂದ ದಿನದ ರೇಟು ಸರ್. ಇದೇ ವರ್ಷದ್ದು, ಇದೇ ಬಣ್ಣದ್ದು ಹೋದ ತಿಂಗಳು ಒಬ್ಬರ ಹತ್ರ ತಗೊಂಡ್ವಿ. ಇದರ ಎರಡರಷ್ಟು ಕೊಟ್ವಿ. ಅವರು ಹೊದಿಕೆ ಹಾಕಿ ನಿಲ್ಲಿಸಿದ್ರು, ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡಿಸಿಲ್ಲ. ನಿಮ್ಮದು ದಿನಾ ಓಡಿದೆ."

"ಕಾರು ಇರೋದೇ ಓಡಿಸೋಕಲ್ವಾ?"

"ಓಡಿಸಿ ಸರ್, ಬೇಡ ಅನ್ನಲ್ಲ. ಓಡಿಸಿದ್ಮೇಲೆ ರೇಟು ಇಷ್ಟೇ."

ಅಂಜನ್ ಕೀ ತಗೊಂಡು ಜೇಬಿಗೆ ಹಾಕಿಕೊಂಡ. "ಕೊಡಲ್ಲ. ಇನ್ನೊಂದು ನಾಲ್ಕು ವರ್ಷ ಬಿದ್ದಿರಲಿ. ಈ ರೋಡಲ್ಲಿ ಸೈಟು ಹಿಡಿದಿಟ್ಕೊಂಡೋರೆಲ್ಲ ಹಂಗೇ ದುಡ್ಡು ಮಾಡಿದ್ದು. ರೇಟು ತಾನಾಗೇ ಬರುತ್ತೆ."

ಅಲ್ಲಿಯವರೆಗೂ ಹಲ್ಲು ಕಚ್ಚಿ ನಿಂತಿದ್ದೆ. ಇನ್ನು ಆಗಲಿಲ್ಲ.

"ಲೇ, ಇದು ಸೈಟೇನೋ? ಸೈಟಿನ ಮೇಲೆ ಹಾಲಿನ ಕ್ಯಾನಿಟ್ಕೊಂಡು ಊರು ಸುತ್ತಿದ್ರೆ ಸೈಟು ಸವೆಯುತ್ತೇನೋ? ನಾಲ್ಕು ವರ್ಷ ಬಿಟ್ರೆ ಇದನ್ನ ಗುಜರಿಯವನು ತೂಕಕ್ಕೆ ಹಾಕ್ತಾನೆ."

"ಸರಿ, ಮಾರೋಣ ಬಿಡು. ನಿನ್ನ ಅರ್ಧ ತಗೋ. ಒಂದೂಕಾಲಲ್ಲಿ ಅರ್ಧ. ಲಾಸು ಇಬ್ಬರಿಗೂ ಸಮ."

"ಲಾಸು ಸಮ. ಓಡಿಸಿದ್ದೂ ಸಮನಾ? ನಾನು ಯಾವತ್ತು ಕೂತೆ ಇದರಲ್ಲಿ?"

"ಎರಡೇ ಸೀಟು ಅಕ್ಕಾ. ನೀನು, ಭಾವ, ಮಕ್ಕಳು, ಎಲ್ಲಿ ಕೂರಿಸ್ಲಿ?"

"ಕ್ಯಾನಿಗೆ ಜಾಗ ಇತ್ತು. ಊರಿನ ಮದುಮಕ್ಕಳಿಗೆಲ್ಲ ಜಾಗ ಇತ್ತು. ಕೇಳು ಇಲ್ಲಿ. ನಿನ್ನ ಅರ್ಧ ನೀನು ಆಗಲೇ ಓಡಿಸಿ ಮುಗಿಸಿದೀಯ. ಹಂಪಿನ ಮೇಲೆ ಉಜ್ಜಿ ಹೋಯ್ತಲ್ಲ, ಹೊಗೆಯಾಗಿ ಹೋಯ್ತಲ್ಲ, ಅದು ನಿನ್ನ ಪಾಲು. ಇಲ್ಲಿ ನಿಂತಿರೋದು ನನ್ನದು. ಅದೂ ಪೂರ್ತಿ ಇಲ್ಲ, ನೀನು ಹೇಳಿದ ಅರ್ಧಕ್ಕೆ ಇನ್ನೂ ಕಡಿಮೇನೇ."

ಅವನು ದನಿ ಇಳಿಸಿದ. ಕೂಗಿದ್ದರೆ ವಾಸಿ ಇತ್ತು. "ತವರುಮನೆ ಬೇಕು ತಾನೆ ಅಕ್ಕಾ ನಿಂಗೆ?"

"ಬಾಗಿಲು ತೋರಿಸಿ ಹೆದರಿಸ್ತೀಯಾ? ಹುಟ್ಟಿದ ಮನೆ ಬಾಗಿಲಿಗೂ ನೀನೇ ಕೀ ಇಟ್ಕೊಂಡಿದೀಯೇನೋ?"

ಅಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಡುವೆ ನಿಂತಳು. "ಹೊರಗಿನವರ ಮುಂದೆ ಇದೇನೇ ಆಶಾ. ಗಂಡುಹುಡುಗ, ಆಸೆಪಟ್ಟು ತಗೊಂಡ, ಓಡಿಸಿದ." ನನ್ನ ಆಸೆ ಯಾವುದು ಅಂತ ಆ ಮನೆಯಲ್ಲಿ ಯಾರೂ ಒಂದು ದಿನ ಕೇಳಿದವರಲ್ಲ. ಧನುಶ್ರೀ ಪಾಪ, ಫೋನ್ ಬಂದವಳ ಹಾಗೆ ಗೇಟಿನ ಹತ್ತಿರ ಹೋಗಿ ನಿಂತಳು.

ಅಪ್ಪ ಜಗಲಿ ಮೇಲಿದ್ದ. ಕಿವಿ ಸ್ವಲ್ಪ ಮಂದ, ಆದರೆ ಬೇಕಾದ್ದೆಲ್ಲ ಕೇಳಿಸುತ್ತೆ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ನಾನೂ ನಮ್ಮಣ್ಣನೂ ಬದುವಿನ ಹುಣಸೆಮರ ಹಂಚ್ಕೊಂಡಿದ್ವಿ," ಅಂದ. "ಒಂದು ವರ್ಷ ಅವನು ಹಣ್ಣು ಬಡಿದುಕೊಂಡ್ರೆ ಇನ್ನೊಂದು ವರ್ಷ ನಾನು. ತನ್ನ ವರ್ಷ ಬಡಿದುಕೊಂಡೋನು ಮತ್ತೆ ಚೀಲ ಹಿಡ್ಕೊಂಡು ಮರದ ಕೆಳಗೆ ಬರೋ ಹಂಗಿಲ್ಲ. ನೀನು ಐದು ವರ್ಷ ಬಡಿದಿದೀಯ ಕಣೋ ಅಂಜನ. ಕೀ ಕೊಡು."

"ಅಪ್ಪಾ, ಇದು ಮರ ಅಲ್ಲ."

"ಹೊಲ ಇದ್ದಂಗೆ ಅಂದೋನು ನೀನೇ. ಕೀ ಕೊಡು."

ಅಂಜನ್ ಕೀ ತೆಗೆದು ಬಾನೆಟ್ಟಿನ ಮೇಲೆ ಟಪ್ಪಂತ ಇಟ್ಟ. ಅಪ್ಪನ ಮೊಪೆಡ್ ಹತ್ತಿ, ಯಾರ ಕಡೆಯೂ ನೋಡದೆ ಹೊರಟುಹೋದ. "ಪೆಟ್ರೋಲಿಲ್ಲ ಅದರಲ್ಲಿ" ಅಂದ ಪಿಳ್ಳಪ್ಪಣ್ಣ. ಯಾರೂ ನಗಲಿಲ್ಲ.

ಅಪ್ಪ ಧನುಶ್ರೀನ ಕರೆದು ಸಹಿ ಹಾಕಿದ. ಕಾರು ಅವನ ಹೆಸರಿನದಾದ್ದರಿಂದ ದುಡ್ಡು ಅವನ ಖಾತೆಗೇ ಬರಬೇಕಂತೆ. "ನಾಳೆ ಆಶಾ ಜೊತೆ ಬ್ಯಾಂಕಿಗೆ ಹೋಗಿ ಪೂರ್ತಿ ಅವಳಿಗೇ ದಾಟಿಸ್ತೀನಿ," ಅಂದ. ನಾನು ಅಲ್ಲೇ ನಿಂತು ಅಂಗಡಿ ಮಾಲೀಕರಿಗೆ ಫೋನ್ ಹಚ್ಚಿ, "ಬೇಕರಿಯವರಿಗೆ ಇಲ್ಲ ಅಂತ ಹೇಳ್ಬಿಡಿ," ಅಂದೆ.

ಧನುಶ್ರೀ ಕಾರು ತಗೊಂಡು ಹೋದಳು. ಇಲ್ಲಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹುಣಸೆಮರದ ಮಾತು ತಲೆಯಲ್ಲೇ ಕೊರೀತಿತ್ತು. ಅಪ್ಪನ ಮುಂದೆ ಹೋಗಿ ನಿಂತೆ.

"ಇಷ್ಟು ನ್ಯಾಯ ಗೊತ್ತಿತ್ತಲ್ಲಪ್ಪ ನಿಂಗೆ. ಅವತ್ತು ನನ್ನ ಕೈಲಿ ಪೆನ್ನು ಕೊಟ್ಟಾಗ ಎಲ್ಲಿಟ್ಟಿದ್ದೆ ಇದನ್ನ?"

"ಅದು ಹೊಲ ಅಲ್ವೇನಮ್ಮ," ಅಂದ. ಸುಳ್ಳು ಹೇಳೋ ಮುಖ ಅಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. "ಹೊಲದಲ್ಲಿ ಹೆಣ್ಣುಮಕ್ಕಳಿಗೆ ಕೊಡೋ ಪದ್ಧತಿ ಇಲ್ಲ. ನಮ್ಮಪ್ಪ ನಿಮ್ಮ ಸೋದರತ್ತೆಯರಿಗೂ ಹಂಗೇ ಮಾಡಿದ್ದು."

"ಅವರು ಯಾವತ್ತಾದ್ರೂ ನಿನ್ನ ಕೇಳಿದ್ರಾ?"

"ಇಲ್ಲ."

"ನಾನು ಕೇಳ್ತಿದೀನಿ."

ಅಪ್ಪ ಖಾಲಿಯಾಗಿದ್ದ ಶೀಟಿನ ಕಡೆ ನೋಡಿದ, ಕೊಟ್ಟಿಗೆ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. ಆಮೇಲೆ, "ಹೊತ್ತಾಯ್ತು, ಊಟ ಮಾಡ್ಕೊಂಡು ಹೋಗು," ಅಂದ.

"ಮಾಡ್ತೀನಿ," ಅಂದೆ. "ಉಂಡಳು ಅಂತ ಸಿಟ್ಟು ಇಳೀತು ಅನ್ಕೋಬೇಡ."