ಕರ್ನಲ್ಲಿನ ಕಿವಿಗೆ ಒಂದು ಸಾಲು

ನಾನು ಒಂದು ಸಾಲು. ಹೆಚ್ಚೆಂದರೆ ಒಂದು ಗೇಣು ಉದ್ದ. ಬಿಳಿಕಲ್ಲಹಟ್ಟಿಯ ಹಾಲು ಶೀತಲೀಕರಣ ಕೇಂದ್ರದ ಕಂಪ್ಯೂಟರಿನಲ್ಲಿ, ಡಿಸ್ಕಿನ ಒಂದು ಪುಟ್ಟ ಕಡತದೊಳಗೆ ಹುಟ್ಟಿದೆ. ಬರೆದವನು ಮುನೀರ್, ಯಂತ್ರ ಜೋಡಿಸಲು ಬಂದ ತಂತ್ರಜ್ಞ. ಎಡಗೈಯಲ್ಲಿ ಬನ್ನು ಹಿಡಿದು, ಬಲಗೈಯ ಎರಡೇ ಬೆರಳಲ್ಲಿ ನನ್ನನ್ನು ಒತ್ತಿದ.

ನನ್ನ ಕೆಲಸ ಸಣ್ಣದು. ಕಂಪ್ಯೂಟರಿಗೆ ಕರೆಂಟು ಬಂದಾಗ ಎಲ್ಲರಿಗಿಂತ ಮೊದಲು ಏಳುವುದು ಕರ್ನಲ್, ಉಳಿದ ಕೆಲಸಗಳನ್ನೆಲ್ಲ ನಡೆಸುವ ಯಜಮಾನ. ಆದರೆ ಏಳುವಾಗ ಅದಕ್ಕೆ ತಾನೆಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ನಿನ್ನ ಮನೆ ಈ ಡಿಸ್ಕಿನಲ್ಲಿದೆ, ಮಾತಾಡುವುದಿದ್ದರೆ ಈ ಪರದೆಗೆ ಮಾತಾಡು ಎಂದು ಅದರ ಕಿವಿಯಲ್ಲಿ ಹೇಳುವುದು ನಾನು. ಆಮೇಲೆ ನನ್ನನ್ನು ಯಾರೂ ಕೇಳುವುದಿಲ್ಲ. ಕಂಪ್ರೆಸರ್ ಓಡುತ್ತದೆ, ಹಾಲು ನಾಲ್ಕು ಡಿಗ್ರಿಗೆ ಇಳಿಯುತ್ತದೆ, ನಾನು ಕಡತದಲ್ಲಿ ಮಲಗಿರುತ್ತೇನೆ.

ಒಂದು ಮೇ ತಿಂಗಳಲ್ಲಿ ಸಿಡಿಲು ಬಡಿಯಿತು. ಕಂಪ್ರೆಸರಿನೊಂದಿಗೆ ಮಾತಾಡುವ ಕಾರ್ಡು ಅರ್ಧ ಸತ್ತಿತು. ಕೆಲಸ ಮುಗಿಯಿತೆಂದು ಕರೆಗಂಟೆ ಬಾರಿಸುವ ಶಕ್ತಿ ಅದಕ್ಕೆ ಉಳಿಯಲಿಲ್ಲ. ಕರ್ನಲ್ ಆ ಸದ್ದಿಗೆ ಕಾಯುತ್ತ ನಿಂತೇಬಿಟ್ಟಿತು. ಓಡಿ ಬಂದ ಮುನೀರ್ ಬಹಳ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ, ಯಂತ್ರ ಏಳುವ ಮುಂಚಿನ ಪರದೆಯಲ್ಲಿ ನನ್ನನ್ನು ತೆರೆದು, ಬಾಲಕ್ಕೆ ಏಳು ಅಕ್ಷರದ ಒಂದು ಪದ ಸೇರಿಸಿದ. ಕರೆಗಂಟೆ ಕೇಳದಿದ್ದರೂ ನೀನೇ ಆಗಾಗ ಹೋಗಿ ಬಾಗಿಲು ನೋಡು ಎಂದು ಅದರ ಅರ್ಥ. ಕರ್ನಲ್ ಎದ್ದಿತು. ಶಾಶ್ವತವಾಗಿ ಸರಿಮಾಡಿದ್ದೇನೆ ಎಂದು ಮ್ಯಾನೇಜರ್ ಕರಿಬಸಯ್ಯನವರಿಗೆ ಬರೆದುಕೊಟ್ಟು ಮುನೀರ್ ಬಸ್ಸು ಹಿಡಿದ.

ಆ ಪರದೆಯಲ್ಲಿ ಬರೆದದ್ದು ಆ ಒಂದು ಸಲಕ್ಕೆ ಮಾತ್ರ. ಕಡತದಲ್ಲಿದ್ದ ನನ್ನೊಳಗೆ ಆ ಪದ ಇಳಿದಿರಲೇ ಇಲ್ಲ. ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ. ಯಂತ್ರ ಸತ್ತು ಮತ್ತೆ ಹುಟ್ಟುವಾಗ ಮಾತ್ರ ನನಗೆ ಬಾಯಿ. ಬ್ಯಾಟರಿ, ಜನರೇಟರ್ ಇದ್ದದ್ದರಿಂದ ಐದು ತಿಂಗಳು ಯಂತ್ರ ಸಾಯಲಿಲ್ಲ.

ಆಯುಧಪೂಜೆ ಬಂತು. ಓಡುವ ಯಂತ್ರಕ್ಕೆ ಕುಂಕುಮ ಇಡಬಾರದೆಂಬುದು ಆ ಕೇಂದ್ರದ ಪದ್ಧತಿ. ಬೆಳಗಿನ ಹಾಲನ್ನು ಟ್ಯಾಂಕರಿಗೆ ತುಂಬಿ ಕಳಿಸಿ ಕಂಪ್ರೆಸರು, ಪಂಪು, ತಕ್ಕಡಿ ಎಲ್ಲ ನಿಲ್ಲಿಸಿದರು. ಆಪರೇಟರ್ ದಾಕ್ಷಾಯಿಣಿ ಕಂಪ್ಯೂಟರಿನ ಮುಂದೆ ತಡೆದಳು. ಇದು ತನ್ನ ಪಾಡಿಗೆ ಇರಲಿ ಎಂದಳು. ಎಲ್ಲಕ್ಕೂ ಇದೇ ತಲೆ, ತಲೆಗೇ ಪೂಜೆ ಬೇಡವೇ ಎಂದು ಕರಿಬಸಯ್ಯ ನಕ್ಕರು. ಅವಳು ಆರಿಸಿದಳು. ಪರದೆಗೆ ವಿಭೂತಿ, ಚೆಂಡುಹೂವಿನ ಹಾರ. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಮೂರೂವರೆಗೆ ಮತ್ತೆ ಚಾಲೂ ಮಾಡಿದಳು.

ನನಗೆ ತಿಳಿದಷ್ಟನ್ನು ಹೇಳಿದೆ. ಕರ್ನಲ್ ಕೇಳಿಸಿಕೊಂಡಿತು, ಮನೆ ಹುಡುಕಿಕೊಂಡಿತು, ಕಾರ್ಡಿನ ಕರೆಗಂಟೆಗೆ ಕಿವಿಗೊಟ್ಟು ಕಲ್ಲಾಯಿತು.

ಐದಕ್ಕೆ ಮೂವತ್ತು ಹಳ್ಳಿಗಳ ಸಂಜೆ ಹಾಲು ಬರುವುದಿತ್ತು. ಕಂಪ್ರೆಸರನ್ನು ಕೈಯಿಂದ ಓಡಿಸುವ ಸ್ವಿಚ್ಚನ್ನು ಎಂದೋ ಕಿತ್ತುಹಾಕಿದ್ದರು. ತಣ್ಣಗಾಗದ ಹಾಲು ರಾತ್ರಿಯೊಳಗೆ ಒಡೆಯುತ್ತದೆ. ಹಿಂದಿನ ಆಪರೇಟರನ್ನು ಒಂದೇ ಟ್ಯಾಂಕಿನ ಹಾಲು ಒಡೆದದ್ದಕ್ಕೆ ಕೆಲಸದಿಂದ ತೆಗೆದಿದ್ದರು. ದಾಕ್ಷಾಯಿಣಿಯದೂ ಗುತ್ತಿಗೆಯ ಕೆಲಸವೇ.

ಆರಿಸಿದಳು, ಹಾಕಿದಳು. ಮತ್ತೆ ಆರಿಸಿದಳು, ಮತ್ತೆ ಹಾಕಿದಳು. ಪ್ರತಿ ಸಲವೂ ನಾನು ಅದೇ ಅರ್ಧ ಮಾತನ್ನು ಹೇಳಿದೆ. ಹೊರಗೆ ವ್ಯಾನುಗಳು ಸಾಲುಗಟ್ಟಿದವು. ಚಾಲಕ ನಂಜುಂಡ ಕಿಟಕಿಯಲ್ಲಿ ಇಣುಕಿದ. “ಏನಕ್ಕ, ಕುಂಕುಮ ಜಾಸ್ತಿ ಆಯ್ತಾ? ಕಣ್ಣೇ ಬಿಡ್ತಿಲ್ಲ ನಿಮ್ಮ ಯಂತ್ರ.”

ಅವಳು ನಗಲಿಲ್ಲ. ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ್ದ ಮುನೀರ್‌ಗೆ ಐದನೆಯ ಸಲ ಫೋನ್ ಮಾಡಿದಳು. ಈ ಸಲ ಎತ್ತಿದ. ಪರದೆಯ ಮೇಲೆ ಏನಿದೆಯೆಂದು ಕೇಳಿ ತಿಳಿದುಕೊಂಡ.

“ಅಕ್ಕ, ಅದನ್ನ ಆರಿಸಿದ್ರಾ?”

“ಆರಿಸ್ಬೇಡಿ ಅಂತ ನೀನು ಹೇಳಿದ್ದೆಯಾ?”

ಅವನು ಅವಳಿಂದ ಯಂತ್ರ ಏಳುವ ಮುಂಚಿನ ಪರದೆಯನ್ನು ತೆರೆಸಿದ. ಪದವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಅರಿಸಿನ ಮೆತ್ತಿದ ಬೆರಳಲ್ಲಿ ಅವಳು ಒತ್ತಿದಳು. ಕರ್ನಲ್ ಎದ್ದಿತು. ಕಂಪ್ರೆಸರ್ ಗುಡುಗಿತು. ವ್ಯಾನಿನವರು ಕ್ಯಾನು ಇಳಿಸಿ ಟ್ಯಾಂಕಿಗೆ ಸುರಿಯತೊಡಗಿದರು.

“ಅಕ್ಕ, ನಾನು ಉಳಿಸಿರ್ಲಿಲ್ಲ ಅಂತ ಸಾಹೇಬ್ರಿಗೆ ಹೇಳ್ಬೇಡಿ.”

“ಅದಿರ್ಲಿ. ಉಳಿಸೋದು ಹೇಗೆ, ಮೊದ್ಲು ಅದನ್ನ ಹೇಳು.”

ಹೇಳಿಸಿಕೊಂಡು ಕಡತದೊಳಗೇ ಬರೆದಳು. ಆ ಪದ ಈಗ ನಿಜವಾಗಿಯೂ ನನ್ನ ಮೈಗೆ ಸೇರಿತು. ಹಾಲೆಲ್ಲ ಸುರಿದು ಮುಗಿದಾಗ ಟ್ಯಾಂಕಿನ ಮುಳ್ಳು ಹತ್ತೊಂಬತ್ತು ಡಿಗ್ರಿಯಲ್ಲಿತ್ತು. ಆಗ ಅವಳ ಕೈ ಕಂಪ್ಯೂಟರಿನ ಸ್ವಿಚ್ಚಿನ ಕಡೆ ಹೋಯಿತು. ಕರಿಬಸಯ್ಯ ಅಡ್ಡ ಬಂದರು.

“ಓಡ್ತಿರೋದನ್ನ ಯಾಕಮ್ಮ ನಿಲ್ಸ್ತೀಯ? ಒಳಗೆ ಹಾಲಿದೆ.”

“ನಾನು ರಜೇಲಿದ್ದಾಗ ನಿಂತ್ರೆ ಯಾರು ಸಾರ್ ಏಳ್ಸೋದು? ನಿಲ್ಲೋದಾದ್ರೆ ನನ್ನೆದುರಿಗೇ ನಿಲ್ಲಲಿ.”

ಆರಿಸಿದಳು. ಕಂಪ್ರೆಸರ್ ಉಸಿರು ಬಿಟ್ಟು ಸುಮ್ಮನಾಯಿತು. ಅವಳು ಮತ್ತೆ ಹಾಕಿ, ಕೀಲಿಮಣೆಯನ್ನು ಮುಟ್ಟದೆ, ಕೈ ಕಟ್ಟಿ ನಿಂತಳು. ಕರ್ನಲ್ ಕತ್ತಲಲ್ಲಿ ಕಣ್ಣು ತೆರೆಯಿತು. ನಾನು ಹೇಳಿದೆ, ಈ ಸಲ ಕೊನೆಯ ಪದದವರೆಗೂ. ಅದು ಕಾರ್ಡಿನ ಬಾಗಿಲಿಗೆ ತಾನೇ ಹೋಗಿ ನೋಡಿತು. ಮುಳ್ಳು ನಿಧಾನವಾಗಿ ಇಳಿಯತೊಡಗಿತು.

ಕೆಲವು ವರ್ಷಗಳಾದ ಮೇಲೆ ಹೊಸ ಯಂತ್ರ ಬಂತು. ನಾನಿರುವ ಡಿಸ್ಕು ಈಗ ಉಗ್ರಾಣದ ಕಪಾಟಿನಲ್ಲಿ, ಹಾಲು ಅಳೆಯುವ ಹಳೆಯ ಮೀಟರುಗಳ ಜೊತೆ ಬಿದ್ದಿದೆ. ಗೋಡೆಯಾಚೆ ದಾಕ್ಷಾಯಿಣಿಯ ದನಿ ಕೇಳುತ್ತದೆ. ಹೊಸಬರಿಗೆ ಕೆಲಸ ಕಲಿಸುತ್ತಾಳೆ. ನನ್ನಿಂದ ಏಳಬೇಕಾದ ಕರ್ನಲ್ ಇನ್ನಿಲ್ಲ. ನನ್ನನ್ನು ಬರೆದವನು ನಂಬಿ ಹೊರಟುಹೋದ, ಉಳಿದವರು ನಾನಿದ್ದೇನೆಂದೇ ತಿಳಿಯದೆ ನಂಬಿದರು. ಅವಳೊಬ್ಬಳು ನಂಬಲಿಲ್ಲ, ನಿಲ್ಲಿಸಿ ನೋಡಿದಳು. ಅದಕ್ಕಿಂತ ದೊಡ್ಡ ಗೌರವವನ್ನು ನನಗೆ ಯಾರೂ ಕೊಟ್ಟಿಲ್ಲ.