ಲೇಣಿ ನೋಡುವ ದಿನ

ನನಗೆ ಬರುವ ಮರಾಠಿಯೆಲ್ಲ ನನ್ನ ಅತ್ತೆ ಕಲಿಸಿದ್ದು. ಆದ್ದರಿಂದ ತಪ್ಪೂ ಅವಳದೇ. ಮೈಮೇಲಿನ ಬಂಗಾರಕ್ಕೆ ಅವಳು ಲೇಣಿ ಎನ್ನುತ್ತಿದ್ದಳು. "ಕಸ್ತೂರಿ, ಲೇಣಿ ತಗದಿಟ್ಟು ಹೊಲಕ್ಕ ಹೋಗ" ಎಂದು ಸಾಯುವವರೆಗೂ ಗದರಿದಳು. ಆ ಮಾತಿಗೆ ಬೇರೆ ಅರ್ಥವೂ ಇದೆಯೆಂದು ಪುಣ್ಯಾತ್ಗಿತ್ತಿ ಒಂದು ದಿನವೂ ಹೇಳಲಿಲ್ಲ.

ತೊಂಬತ್ತೊಂದನೆಯ ಇಸವಿ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ನಮ್ಮ ಏಕಸಂಬಿಯ ಮನೆಗೆ ಲಗಮಣ್ಣ ಬಂದು ಕಟ್ಟೆಯ ಮೇಲೆ ಕುಳಿತ. ಬೀಗತನ ಕೂಡಿಸುವುದೇ ಅವನ ಉದ್ಯೋಗ. ನನ್ನ ಮಗಳು ಕುಸುಮಳಿಗೆ ಕಾಗವಾಡದ ಸೋನಾಬಾಯಿಯವರ ಮಗ ಬಾಬಾಸಾಹೇಬನ ಸಂಬಂಧ ಹಚ್ಚಿದವನು ಅವನೇ.

"ಕಸ್ತೂರೆವ್ವಾರ, ಸೋನಾಬಾಯಿಯವರು ಹೇಳಿ ಕಳಿಸ್ಯಾರ. ರವಿವಾರ ಎಲ್ಲಾರೂ ಕೂಡಿ ಲೇಣಿ ನೋಡಾಕ ಹೋಗೂಣಂತ."

"ಕುಸುಮಾನ ಕಾಲಿಂದು ಹೇಳೀಯಿಲ್ಲೋ?" ಎಂದೆ.

"ಎಲ್ಲಾ ಹೇಳೇನ್ರಿ. ಒಂದೂ ಮುಚ್ಚಿಟ್ಟಿಲ್ಲ."

ಕುಸುಮಳಿಗೆ ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಅದನ್ನು ತುಸು ಎಳೆದು ನಡೆಯುತ್ತಾಳೆ. ಸದಲಗಾದ ಬಾಲವಾಡಿಯಲ್ಲಿ ಟೀಚರ್, ದಿನಾಲೂ ಬಸ್ಸು ಹತ್ತಿ ಇಳಿಯುತ್ತಾಳೆ. ಆದರೆ ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುವುದನ್ನು ನೋಡಿ, ತಿಳಿಸುತ್ತೇವೆ ಎಂದು ಹೋಗಿಬಿಡುತ್ತಿದ್ದರು. ನನಗೆ ಅವಲಕ್ಕಿಯ ವಾಸನೆಯೇ ಸಾಕಾಗಿಹೋಗಿತ್ತು. ಇಂಥದ್ದರಲ್ಲಿ ಕಾಲಿನ ವಿಷಯ ಗೊತ್ತಿದ್ದೂ ಬಂಗಾರ ನೋಡಲು ಕರೆಯುತ್ತಾರೆಂದರೆ ಮದುವೆ ಗಟ್ಟಿಯಾದಂತೆಯೇ. ಸಂತೋಷಕ್ಕೆ ನನಗೆ ಅಳು ಬಂತು.

ಒಡವೆ ಕೈಗೆ ಬಂದ ಕೂಡಲೇ ಹುಡುಗಿಯ ಉಡಿ ತುಂಬಬೇಕು. ಕುಸುಮಳನ್ನು ಕರೆದುಕೊಂಡು ನಿಪ್ಪಾಣಿ ಪೇಟೆಗೆ ಹೋಗಿ ಕುಪ್ಪಸದ ಹಸಿರು ಖಣ ಆರಿಸಿದೆ. ಅಕ್ಕಿ, ಒಣಕೊಬ್ಬರಿ, ಅರಿಶಿನದ ಬೇರು, ಅಡಿಕೆ ಎಲ್ಲ ಚೀಲದಲ್ಲಿ ಕಟ್ಟಿಕೊಂಡೆ. ನನ್ನ ಗಂಡ ಮುರಗೆಪ್ಪನವರಿಗೆ ಅದೇ ದಿನ ಕಬ್ಬು ಕಡಿಯುವ ಪಾಳಿ ಬಂದಿತ್ತು. "ನೀವ ಹೋಗಿ ಬರ್ರಿ" ಎಂದರು.

ರವಿವಾರ ನಸುಕಿನಲ್ಲೇ ಅವರ ಜೀಪು ಬಂತು. ಮುಂದೆ ಬಾಬಾಸಾಹೇಬ ಮತ್ತು ಲಗಮಣ್ಣ, ಹಿಂದೆ ನಾವು ಮೂವರು ಹೆಂಗಸರು. ಅಥಣಿ ಬಂತು, ಸರಾಫರ ಅಂಗಡಿ ಇನ್ನೂ ತೆರೆದಿರಲಿಕ್ಕಿಲ್ಲ ಎಂದುಕೊಂಡೆ. ಜಮಖಂಡಿ ಬಂತು, ಜೀಪು ನಿಲ್ಲಲಿಲ್ಲ. ಮುಧೋಳವೂ ಹಿಂದೆ ಬಿತ್ತು. ಎಷ್ಟು ದೊಡ್ಡ ಅಂಗಡಿಗೆ ಕರೆದೊಯ್ಯುತ್ತಾರಪ್ಪಾ ಎಂದು ಒಳಗೊಳಗೇ ಹಿಗ್ಗಿದೆ. ಮೈಯೆಲ್ಲ ಧೂಳು, ಸೊಂಟ ಕಳಚಿ ಕೈಗೆ ಬಂದಿತ್ತು. ಕಡೆಗೆ ಬಾದಾಮಿಯಲ್ಲಿ ಕೆಂಪು ಗುಡ್ಡದ ಬುಡಕ್ಕೆ ತಂದು ಇಳಿಸಿದರು.

ಮೊದಲು ದೇವರಿಗೆ ಕೈಮುಗಿದು ಆಮೇಲೆ ಪೇಟೆಗೆ ಹೋಗುತ್ತಾರೆ ಎಂದುಕೊಂಡು ಸುಮ್ಮನೆ ಮೆಟ್ಟಿಲು ಹತ್ತಿದೆ. ಮೊದಲ ಗವಿಯ ಬಾಗಿಲಲ್ಲೇ ಶಿವ ಕುಣಿಯುತ್ತಿದ್ದ. ಮೈಮೇಲೆ ಕೊರಳಹಾರ, ವಂಕಿ, ಡಾಬು, ಏನುಂಟು ಏನಿಲ್ಲ. ಎಲ್ಲ ಕಲ್ಲಿನವು. ಕೋತಿಯೊಂದು ನನ್ನ ಕೊಬ್ಬರಿ ಚೀಲವನ್ನೇ ನೋಡುತ್ತ ಬೆನ್ನು ಹತ್ತಿತು. ಸೋನಾಬಾಯಿ ಶಿವನನ್ನೂ ನೋಡಲಿಲ್ಲ, ಕೋತಿಯನ್ನೂ ನೋಡಲಿಲ್ಲ. ಅವರ ಕಣ್ಣು ಕುಸುಮಳ ಸೀರೆಯ ಅಂಚಿನ ಮೇಲಿತ್ತು.

ಎರಡನೆಯ ಗವಿಗೆ ಹೋಗುವ ಮೆಟ್ಟಿಲಲ್ಲಿ ನನ್ನ ಮೊಣಕಾಲು ಕೈಕೊಟ್ಟವು. ಕುಳಿತುಬಿಟ್ಟೆ. ಸೋನಾಬಾಯಿಯೂ ಕುಳಿತರು. ಉಳಿದವರು ಮೇಲೆ ಹೋದರು.

"ಬಾಯಾರ, ಲೇಣಿ ಯಾವಾಗ ನೋಡೂದ್ರಿ? ಈ ಊರಾಗ ಸರಾಫ್ ಪ್ಯಾಟಿ ಎಲ್ಲಿ ಐತಿ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು, ಚೀಲ ನೋಡಿದರು, ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯ ನಮ್ಮವ್ವ, ಇವ ಲೇಣಿ. ಗುಡ್ಡದಾಗ ಕಡದ ಗುಡಿಗೆ ನಾವು ಲೇಣಿ ಅಂತೀವ್ರಿ."

"ಮತ್ತ ಇಷ್ಟ ದೂರ ಯಾಕ ಕರಕೊಂಡ ಬಂದ್ರಿ?"

"ಖರೇ ಹೇಳತೀನಿ, ಸಿಟ್ಟ ಆಗಬ್ಯಾಡ್ರಿ. ನಮ್ಮದು ಮಾಳಗಿ ಮನಿ. ಕೆಳಗ ಅಡಗಿ, ಮ್ಯಾಲ ಮಲಗೂದು. ಚಾ ಕುಡಕೋತ ಕುಂತ್ರ ಹುಡುಗಿ ಕಾಲು ಗೊತ್ತಾಗೂದಿಲ್ಲಲ. ಏರತಾಳೋ ಇಲ್ಲೋ ನೋಡೂಣಂತ ಬಂದ್ವಿ."

ಸಂತೆಯಲ್ಲಿ ಎತ್ತು ಕೊಳ್ಳುವವರು ನಡೆಸಿ ನೋಡುತ್ತಾರೆ. ನನ್ನ ಮಗಳನ್ನು ನಡೆಸಲು ಇಷ್ಟು ದೂರ ಡೀಸೆಲ್ ಸುಟ್ಟು ಬಂದಿದ್ದರು. ಚೀಲ ಎತ್ತಿಕೊಂಡು, ಗೋಡೆ ಹಿಡಿದು ಮೇಲೆ ಹತ್ತಿದೆ.

ಗವಿಯೊಳಗೆ ಕುಸುಮ ಒಬ್ಬಳೇ ನಿಂತಿದ್ದಳು. ಎದುರಿಗೆ ಮೂರು ಲೋಕ ಅಳೆದ ದೇವರು, ಒಂದು ಕಾಲು ನೆಲದ ಮೇಲೆ, ಇನ್ನೊಂದು ಆಕಾಶಕ್ಕೆ. ಇವನನ್ನು ಮಾತ್ರ ಯಾರೂ ಮೆಟ್ಟಿಲು ಹತ್ತಿಸಿ ನೋಡಿರಲಿಕ್ಕಿಲ್ಲ. ಬಾಬಾಸಾಹೇಬ ಹೊರಗೆ ಕಟ್ಟೆಗೆ ಒರಗಿ ಕೈಗಡಿಯಾರ ನೋಡುತ್ತಿದ್ದ.

"ನಡಿ ಬೇ, ಕೆಳಗ ಹೋಗೂಣು. ಇವರು ನಿನ್ನ ಕಾಲು ನೋಡಾಕ ಕರಕೊಂಡ ಬಂದಾರ" ಎಂದು ಅವಳ ಸೆರಗು ಹಿಡಿದೆ.

"ಗೊತ್ತೈತಿ ಅವ್ವಾ. ಲೇಣಿ ಅಂದ್ರ ಗುಡ್ಡದ ಗವಿ ಅಂತ ಲಗಮಣ್ಣ ಬಂದ ದಿನಾನ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀ ನಗಕೋತ ಖಣ ಆರಸಾಕತ್ತಿದ್ದಿ. ಎಷ್ಟ ವರ್ಷ ಆಗಿತ್ತು ನೀ ನಕ್ಕು."

ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. "ಇನ್ನ ಎರಡು ಗವಿ ಉಳದಾವ. ಏರಿ ಬರತೀನಿ. ಏರಲಿಲ್ಲ ಅಂತ ಮಾತ ಆಗಬಾರದು."

ಏರಿದಳು. ಒಂದೊಂದು ಮೆಟ್ಟಿಲಿಗೂ ಬಲಗಾಲು ಮೊದಲಿಟ್ಟು, ಎಡಗಾಲನ್ನು ಕೈಯಿಂದ ಎತ್ತಿಟ್ಟು, ಕಡೆಯ ಗವಿಯವರೆಗೂ ಹೋದಳು. ಬಾಬಾಸಾಹೇಬ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಒಮ್ಮೆಯೂ ಕುಂದ್ರತಿ ಏನು ಎಂದು ಕೇಳಲಿಲ್ಲ.

ಅವಳು ಕೆಳಗಿಳಿದಾಗ ಸೋನಾಬಾಯಿಯ ಮುಖ ಅರಳಿತ್ತು. ಕೆಟ್ಟ ಹೆಂಗಸಲ್ಲ ಅವರು, ಸಮಾಧಾನವಾಗಿತ್ತು ಅಷ್ಟೇ. "ಪೋರಿ ಘಟ್ಟಿ ಅದಾಳ್ರಿ. ಹೋಗೂವಾಗ ಜಮಖಂಡಿ ಸರಾಫ್ ಪ್ಯಾಟ್ಯಾಗ ನಿಂದ್ರೂಣು. ಈಗ ನೀವು ಅಂತೀರಲ್ಲ, ಆ ಲೇಣಿ ನೋಡೂಣು."

ಬೆಳಗಿನಿಂದ ಈ ಮಾತಿಗಾಗಿಯೇ ಕಾದಿದ್ದೆ. ಇನ್ನು ಅವಲಕ್ಕಿ ಕಲಸುವುದು ತಪ್ಪುತ್ತದೆ. ಹೂಂ ಎಂದು ನಾನು ಒಬ್ಬಳು ಅಂದರೆ ಮುಗಿಯಿತು. ಕುಸುಮಳ ಕಡೆ ನೋಡಿದೆ. ಅವಳು ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದಳು.

"ನೋಡೂದು ಮುಗೀತಲ್ರಿ. ನೀವೂ ನೋಡಿದ್ರಿ, ನಾವೂ ನೋಡಿದ್ವಿ."

ಸೋನಾಬಾಯಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಲಗಮಣ್ಣ ನನ್ನ ಕಡೆ ನೋಡಿ ಹೂಂ ಅನ್ನಿರೆಂದು ಕಣ್ಸನ್ನೆ ಮಾಡಿದ. ನಾನು ಚೀಲ ಹೆಗಲಿಗೇರಿಸಿದೆ. "ನಾವು ಬಸ್ಸಿಗೆ ಹೋಗತೀವ್ರಿ" ಎಂದೆ.

ಜಮಖಂಡಿ ಬಸ್ಸಿನಲ್ಲಿ ಹೇಗೋ ಸೀಟು ಸಿಕ್ಕಿತು. ಇಬ್ಬರಿಗೂ ಹಸಿವು. ಉಡಿಯ ಕೊಬ್ಬರಿಯನ್ನು ಕಿಟಕಿಯ ಸರಳಿಗೆ ಬಡಿದು ಒಡೆದೆ, ಹಂಚಿಕೊಂಡು ತಿಂದೆವು. ಕೆರೂರು ದಾಟಿದ ಮೇಲೆ ಅವಳು ತಲೆಯನ್ನು ಕಿಟಕಿಗೆ ಆನಿಸಿದಳು.

"ಅವ್ವಾ, ಕಾಲು ಭಾಳ ನೋಯಾಕತ್ತೈತಿ."

ದಿನವಿಡೀ ಆಡದ ಮಾತು. ಹಸಿರು ಖಣ ಬಿಚ್ಚಿ ನನ್ನ ಉಡಿಯಲ್ಲಿ ಹಾಸಿದೆ, ಅವಳ ಎಡಗಾಲನ್ನು ಎತ್ತಿ ಅದರ ಮೇಲಿಟ್ಟುಕೊಂಡೆ, ಜಮಖಂಡಿ ಬರುವವರೆಗೂ ಒತ್ತುತ್ತ ಕುಳಿತೆ.